ಎತ್ತರಕ್ಕೆ ಅಡ್ಡಬಿದ್ದ ಮಲಕಪ್ಪನವರು

ಮಲಕಪ್ಪನವರಿಗೆ ದೇವರು ಒಳ್ಳೆಯ ನೌಕರಿ ಕೊಟ್ಟಿದ್ದ, ಗಟ್ಟಿಮುಟ್ಟಾದ ಹೆಂಡತಿಯನ್ನು ಕೊಟ್ಟಿದ್ದ, ಎರಡು ಹೊತ್ತೂ ಖಡಕ್ ರೊಟ್ಟಿ ಅರಗಿಸುವ ಹೊಟ್ಟೆ ಕೊಟ್ಟಿದ್ದ. ನೆಲ ಬಿಟ್ಟು ಮೇಲೇರುವ ಧೈರ್ಯವೊಂದನ್ನು ಮಾತ್ರ ಕೊಡಲು ಮರೆತಿದ್ದ. ಪಾಪ, ಅವನಿಗೂ ನೂರೆಂಟು ಕೆಲಸ.

ಈ ಗುಟ್ಟನ್ನು ಮಲಕಪ್ಪನವರು ಪುಣೆಯಲ್ಲಿ ಎಷ್ಟು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದರೆಂದರೆ, ಜನ ಅದನ್ನೊಂದು ದೊಡ್ಡ ಗುಣವೆಂದೇ ತಿಳಿದಿದ್ದರು. ಶಿವಾಜಿನಗರದ ಕಚೇರಿಯಲ್ಲಿ ಬಡ್ತಿ ಬಂದಾಗ, ಹೊಸ ಕುರ್ಚಿ ನಾಲ್ಕನೇ ಮಹಡಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ "ನನಗ ಬ್ಯಾಡ್ರಿ, ಬೇರೆಯವರಿಗೆ ಕೊಡ್ರಿ" ಎಂದುಬಿಟ್ಟರು. ಇಂಥ ನಿಸ್ವಾರ್ಥಿಯನ್ನು ನಾವು ಕಂಡೇ ಇಲ್ಲ ಎಂದು ಕಚೇರಿಯವರು ಶಾಲು ಹೊದಿಸಿದರು. ಧನಕವಡಿಯಲ್ಲಿ ಮನೆ ಕೊಳ್ಳುವಾಗ ನೆಲಮಹಡಿಯದೇ ಆಗಬೇಕೆಂದು ಹಟ ಹಿಡಿದರು. ಹೆಂಡತಿಯ ಮೊಣಕಾಲು ನೋವಿನ ಸಲುವಾಗಿ ಎಂದು ಓಣಿಯ ತುಂಬ ಹೇಳಿದರು. ಪಕ್ಕದ ಮನೆಯ ವಸಂತಿಬಾಯಿ ಅದನ್ನು ಕೇಳಿ, ಹೆಂಡತಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ಇವರಿಂದ ಕಲಿಯಿರಿ ಎಂದು ತನ್ನ ಗಂಡನಿಗೆ ದಿನವೂ ಚುಚ್ಚುತ್ತಿದ್ದಳು. ರುದ್ರವ್ವನ ಮೊಣಕಾಲೋ, ಕಲ್ಲುಗುಂಡು. ಮನೆಯಲ್ಲಿ ಬಲ್ಬು ಹೋದರೆ ಸ್ಟೂಲು ಹತ್ತುವವಳು ಅವಳೇ. ಮಲಕಪ್ಪನವರು ಕೆಳಗೆ ಸ್ಟೂಲು ಹಿಡಿದುಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು.

ಎಲ್ಲವೂ ಹೀಗೇ ಸುಖವಾಗಿ ಸಾಗಿಹೋಗುತ್ತಿತ್ತು. ಕೆಡಿಸಿದ್ದು ಅವರ ಬಾಯಿ.

ಮಗಳು ರೇಣುವನ್ನು ನೋಡಲು ಗಂಡಿನವರು ಬಂದಿದ್ದರು. ಹುಡುಗ ಕೇದಾರ, ಬ್ಯಾಂಕಿನಲ್ಲಿ ಕೆಲಸ. ತಂದೆ ಹೊಳಬಸಪ್ಪನವರು ಗೋಕಾಕದ ಕಡೆಯವರು, ಪುಣೆಯಲ್ಲಿ ಕಾಳುಕಡಿಯ ದೊಡ್ಡ ವ್ಯಾಪಾರ. ತಾಯಿ ಗಂಗೂಬಾಯಿ ಮಾತು ಕಡಿಮೆ, ನೋಟ ಜಾಸ್ತಿ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿದ ಮೊದಲ ಗಳಿಗೆಯಲ್ಲೇ ಒಪ್ಪಿಕೊಂಡದ್ದು ಗೋಡೆಗೂ ತಿಳಿಯುವಂತಿತ್ತು. ಉಪ್ಪಿಟ್ಟು ಮುಗಿಯಿತು. ಹೊಳಬಸಪ್ಪನವರು ಚಹಾದ ಬಟ್ಟಲು ಕೈಗೆತ್ತಿಕೊಂಡು ತಮ್ಮ ಪ್ರತಾಪಕ್ಕೆ ಶುರುಹಚ್ಚಿದರು.

"ಸಾಸವಡ ರಸ್ತೆದಾಗ 'ಉತ್ತುಂಗ' ಅಂತ ಟವರ್ ಎದ್ದದ ನೋಡ್ರಿ. ಇಪ್ಪತ್ತೊಂದು ಮಜಲಾ! ಹದಿನಾಲ್ಕನೇದ್ರಾಗ ಫ್ಲ್ಯಾಟ್ ಹಿಡದೀನಿ. ಎಲ್ಲಾರೂ ಕೂಡೇ ಇರೂದು. ನಿಮ್ಮ ಮಗಳು ಮೋಡದಾಗ ಸಂಸಾರ ಮಾಡ್ತಾಳ್ರಿ."

ಇಲ್ಲಿ ಮಲಕಪ್ಪನವರು "ಭಾಳ ಚಲೋ ಆತ್ರಿ" ಎಂದು ಸುಮ್ಮನೆ ಚಹಾ ಕುಡಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹೆಣ್ಣಿನ ತಂದೆಯಾದವನು ಎಲ್ಲದಕ್ಕೂ ತಲೆ ಬಾಗಿಸಿದರೆ ಮರ್ಯಾದೆ ಎಲ್ಲಿ ಉಳಿಯಿತು?

"ಇಪ್ಪತ್ತೊಂದು ಅಂದ್ರ ಅದೇನ್ ಎತ್ತರರೀ ಬೀಗರ!" ಎಂದರು ಮಲಕಪ್ಪನವರು, ಕಾಲ ಮೇಲೆ ಕಾಲು ಹಾಕಿ. "ನಾ ಸಣ್ಣಾಂವ ಇದ್ದಾಗ ಗೋಲಗುಂಬಜದ ತುದಿಗೆ ಕಾಲು ಇಳಿಬಿಟ್ಟು ಕುಂತು ಶೇಂಗಾ ತಿಂದಾಂವ."

ಒಳಗೆ ರುದ್ರವ್ವನ ಕೈಯಿಂದ ಚಮಚ ಜಾರಿ ಬಿತ್ತು. ನಿಜ ಏನೆಂದರೆ, ಶಾಲೆಯ ಪ್ರವಾಸದಲ್ಲಿ ಉಳಿದ ಹುಡುಗರೆಲ್ಲ ಗುಂಬಜ ಹತ್ತಿದಾಗ ಮಲಕಪ್ಪ ಕೆಳಗೆ ಕೂತು ಅವರ ಚಪ್ಪಲಿ ಕಾದಿದ್ದರು. ಶೇಂಗಾ ತಿಂದದ್ದಷ್ಟೇ ಸುಳ್ಳಲ್ಲ.

"ಹಂಗಾರ ನಮ್ಮ ಫ್ಲ್ಯಾಟ್ ನೋಡಾಕ ಬರ್ರಿ!" ಎಂದು ಹೊಳಬಸಪ್ಪನವರು ಅಲ್ಲೇ ಕರೆದರು. ಮಲಕಪ್ಪನವರ ಚಹಾ ಅಂಗಿಯ ಮೇಲೆ ಚೆಲ್ಲಿತು.

ಮೊದಲನೇ ಸಲ ಕರೆ ಬಂದಾಗ ಅಮಾವಾಸ್ಯೆ ಎಂದು ತಪ್ಪಿಸಿಕೊಂಡರು. ಎರಡನೇ ಸಲ ರುದ್ರವ್ವನ ಮೊಣಕಾಲನ್ನು ಮುಂದೆ ಮಾಡಿದರು. ಮೂರನೇ ಸಲ ಬೇರೆ ನೆಪ ಹೊಳೆಯದೆ, "ಗೃಹಪ್ರವೇಶ ಆಗೋಕಿಂತ ಮೊದಲ ಹೆಣ್ಣಿನ ತಂದಿ ಗಂಡಿನ ಮನಿ ಹೊಸ್ತಿಲಾ ತುಳೀಬಾರದ್ರಿ. ನಮ್ಮ ಕಡೆ ಪದ್ಧತಿ" ಎಂದು ಫೋನಿನಲ್ಲಿ ಒಂದು ಹೊಸ ಪದ್ಧತಿಯನ್ನೇ ಹುಟ್ಟಿಸಿಬಿಟ್ಟರು.

ಈ ಪದ್ಧತಿ ಅವರನ್ನು ಮುಳುಗಿಸಿತು. ಗಂಗೂಬಾಯಿ ಸುಮ್ಮನೆ ಕೂರುವ ಹೆಂಗಸಲ್ಲ. ಗೋಕಾಕದಿಂದ ಜಮಖಂಡಿಯವರೆಗೆ ಇದ್ದ ಹಿರಿಯರಿಗೆಲ್ಲ ಫೋನು ಹಚ್ಚಿ ವಿಚಾರಿಸಿದರು. ಅಂಥ ಪದ್ಧತಿಯನ್ನು ಯಾರ ಅಜ್ಜನೂ ಕೇಳಿರಲಿಲ್ಲ. ತೊಂಬತ್ತು ದಾಟಿದ ಒಬ್ಬ ಸೋದರತ್ತೆಯಂತೂ, "ಇದು ಬ್ಯಾರೆ ಗಂಡು ನೋಡಾಕತ್ತವರು ಹೇಳೂ ಮಾತು" ಎಂದು ತೀರ್ಪು ಕೊಟ್ಟುಬಿಟ್ಟಳು. ಹೊಳಬಸಪ್ಪನವರ ಮೂಗಿನ ತುದಿ ಕೆಂಪಗಾಯಿತು.

"ನೋಡ್ರಿ ಮಲಕಪ್ಪನವರ," ಎಂದು ಅವರು ಆ ಸಂಜೆಯೇ ಫೋನು ಮಾಡಿದರು. "ವಿಠ್ಠಲನ ದರ್ಶನಕ್ಕ ಹೊಂಟ ಸಂತರ ಪಾಲಖಿ ಪುಣೆ ಬಿಟ್ಟು ದಿವೇ ಘಾಟ್ ಹತ್ತೂ ದಿನ ಟವರಿನ ತುದೀ ಮ್ಯಾಲಿನ ಗ್ಯಾಲರಿ ತಗೀತಾರ. ಪಾಲಖಿ ದರ್ಶನ ಮಾಡೂಣು, ಫ್ಲ್ಯಾಟ್ ನೋಡೂಣು, ಅಲ್ಲೇ ಸಕ್ಕರಿ ಹಂಚಿ ಮಾತು ಪಕ್ಕಾ ಮಾಡೂಣು. ಆಷಾಢ ಹತ್ತಿತಂದ್ರ ಮುಗೀತು. ಬರ್ತೀರಂದ್ರ ಬರ್ರಿ. ಬರಲಿಲ್ಲಂದ್ರ ನಾವು ತಿಳ್ಕೊಳ್ಳೂದು ತಿಳ್ಕೋತೀವಿ."

ಅಂದು ರೇಣು ಉಣ್ಣಲಿಲ್ಲ. ಮಾರನೆಯ ದಿನವೂ ತಟ್ಟೆಯ ಮುಂದೆ ಸುಮ್ಮನೆ ಕೂತು ಎದ್ದಳು. ಮಲಕಪ್ಪನವರಿಗೆ ಒಬ್ಬಳೇ ಮಗಳು. ಅವಳಾಗಿ ಇಷ್ಟಪಟ್ಟ ಸಂಬಂಧ. ಅದು ಅಪ್ಪನ ಕಾಲಿನ ನಡುಕದಿಂದ ಮುರಿದುಬಿದ್ದರೆ ಆ ಅಪ್ಪ ಇದ್ದೇನು ಉಪಯೋಗ?

"ನಾ ಬರ್ತೀನಿ," ಎಂದರು, ಯುದ್ಧಕ್ಕೆ ಹೊರಟವರಂತೆ.

"ಖರೇ ಹೇಳಿಬಿಡ್ರಿ ಅವರಿಗೆ," ಎಂದಳು ರುದ್ರವ್ವ. "ಅಂಜಿಕಿ ಅದ ಅಂದ್ರ ಏನ್ ಮೂಗು ಕೊಯ್ತಾರೇನು?"

"ಗೋಲಗುಂಬಜದ ಮ್ಯಾಲೆ ಶೇಂಗಾ ತಿಂದಾಂವ ಹೆಂಗ ಹೇಳ್ಲಿ?"

"ತಿನ್ನಾಕ ಯಾರು ಹೇಳಿದ್ರು ನಿಮಗ?" ಎಂದು ರುದ್ರವ್ವ ಲಟ್ಟಣಿಗೆ ಎತ್ತಿಟ್ಟು ಒಳಗೆ ಹೋದಳು.

ಪಾಲಖಿಯ ದಿನ ಗಂಡ, ಹೆಂಡತಿ, ಮಗಳು ಹತ್ತಿದ ರಿಕ್ಷಾದಲ್ಲಿ ವಸಂತಿಬಾಯಿಯೂ ಬಂದು ಕೂತಳು. ಅವಳು ಪಾಲಖಿಯ ಭಕ್ತೆ, ಎತ್ತರದಿಂದ ಪುಕ್ಕಟೆ ದರ್ಶನ ಸಿಗುವಾಗ ಬಿಡುವಳೇ! ಟವರಿನ ಕೆಳಗೆ ಬೀಗರು ಕೇದಾರನೊಂದಿಗೆ ಕಾಯುತ್ತಿದ್ದರು. ಬಿಲ್ಡರನ ಮ್ಯಾನೇಜರ್ ಮಾರ್ತಾಂಡರಾವ್ ಟೈ ಕಟ್ಟಿಕೊಂಡು ಎಲ್ಲರಿಗೂ ಗುಲಾಬಿ ಕೊಡುತ್ತಿದ್ದ. ಪಾಲಖಿ ಆಗಲೇ ಘಾಟಿನ ಬುಡಕ್ಕೆ ಬಂದಿದೆ, ಫ್ಲ್ಯಾಟ್ ಆಮೇಲೆ ನೋಡಿ, ಮೊದಲು ತುದಿಗೆ ನಡೆಯಿರಿ ಎಂದು ಅವಸರ ಮಾಡಿದ.

ಲಿಫ್ಟು ಗಾಜಿನದು. ಅದನ್ನು ಕಟ್ಟಡದ ಹೊರಮೈಗೆ ಅಂಟಿಸಿದ್ದರು. ಹೀಗೆ ಮಾಡಬೇಕೆಂದು ಯಾವ ಮಹಾನುಭಾವನಿಗೆ ಹೊಳೆಯಿತೋ, ಅವನ ಮನೆಯವರೆಲ್ಲ ತಣ್ಣಗಿರಲಿ. ಬಾಗಿಲು ಮುಚ್ಚಿದ್ದೇ ತಡ, ಮಲಕಪ್ಪನವರು ಕಣ್ಣು ಮುಚ್ಚಿ ಹೊಳಬಸಪ್ಪನವರ ಕೈಯನ್ನು ಎರಡೂ ಕೈಯಿಂದ ಹಿಡಿದರು. ನೆಲ ದೂರವಾದಷ್ಟೂ ಹಿಡಿತ ಬಿಗಿಯಾಯಿತು. ಹೊಳಬಸಪ್ಪನವರ ಉಂಗುರ ಬೆರಳಿನಲ್ಲಿ ನಾಟಿ ಕಣ್ಣಲ್ಲಿ ನೀರು ಬಂತು.

"ಬೀಗರ ಪ್ರೀತಿ ನೋಡ್ರಿ!" ಎಂದರು ಅವರು ಗದ್ಗದಿತರಾಗಿ. "ನಾವು ಸುಮ್ಮಸುಮ್ಮನ ಏನೇನೋ ತಿಳ್ಕೊಂಡಿದ್ವಿ."

ತುದಿಯ ಗ್ಯಾಲರಿಯಲ್ಲಿ ಫ್ಲ್ಯಾಟು ಹಿಡಿದವರ ಕುಟುಂಬಗಳೆಲ್ಲ ನೆರೆದಿದ್ದವು. ಸುತ್ತಲೂ ಎದೆಮಟ್ಟದ ಗಾಜಿನ ತಡೆಗೋಡೆ. ಮೋಡ ಮುಸುಕಿತ್ತು, ಗಾಳಿ ಧೋತರ ಕೀಳುವಂತೆ ಬೀಸುತ್ತಿತ್ತು. ಮಲಕಪ್ಪನವರು ಒಂದು ಉಪಾಯ ಮಾಡಿದ್ದರು. ಒಳಗಿನ ಗೋಡೆಗೆ ಬೆನ್ನು ಹಚ್ಚಿ, ಆಕಾಶ ನೋಡುತ್ತ, ಅರ್ಧ ಗಂಟೆ ಕಳೆದುಬಿಟ್ಟರೆ ಮಗಳ ಮದುವೆ ಆದಂತೆ. ಉಪಾಯ ಚೆನ್ನಾಗಿಯೇ ಇತ್ತು. ಆದರೆ ಜನರಿಗೆ ದಾರಿ ಬಿಡುತ್ತ ಪಕ್ಕಕ್ಕೆ ಸರಿದಂತೆ ನಾಲ್ಕು ಹೆಜ್ಜೆಗೆ ಗೋಡೆ ಮುಗಿಯಿತು. ಹಿಂದಿನಿಂದ ಜನ ನೂಕಿದರು. ಮಲಕಪ್ಪನವರು ಗಾಜಿನ ಅಂಚಿಗೇ ಬಂದು, ಕಣ್ಣು ತಪ್ಪಿ ಕೆಳಗೆ ನೋಡಿಬಿಟ್ಟರು. ಕೆಂಪು ಎಸ್‌ಟಿ ಬಸ್ಸುಗಳು ಕಡ್ಡಿಪೆಟ್ಟಿಗೆಯಷ್ಟಾಗಿ ಹರಿದಾಡುತ್ತಿದ್ದವು.

ಅವರ ಕಾಲು ಅವರನ್ನು ಕೇಳಲಿಲ್ಲ. ಮೊದಲು ಮೊಣಕಾಲು, ಆಮೇಲೆ ಹೊಟ್ಟೆ, ಆಮೇಲೆ ಹಣೆ, ಹೀಗೆ ಒಂದೊಂದಾಗಿ ನೆಲಕ್ಕೆ ಬಂದವು. ಮಲಕಪ್ಪನವರು ಎರಡೂ ಕೈ ಮುಂದೆ ಚಾಚಿ ಬೋರಲು ಬಿದ್ದು ನೆಲದ ಫರಶಿಕಲ್ಲನ್ನು ತಬ್ಬಿಕೊಂಡರು.

ಸರಿಯಾಗಿ ಅದೇ ಗಳಿಗೆಯಲ್ಲಿ ಪಾಲಖಿ ಕಂಡಿತೆಂದು ಯಾರೋ ಮರಾಠಿಯಲ್ಲಿ ಕೂಗಿದರು: "ಪಾಲಖೀ ದಿಸಲೀ! ಪಾಲಖೀ ದಿಸಲೀ!"

ದೂರದ ಘಾಟಿನಲ್ಲಿ ಬಿಳಿಯ ಗೆರೆಯಂತೆ ಜನಸಾಗರ ಮೇಲೇರುತ್ತಿತ್ತು. ಎಲ್ಲರೂ ಕೈ ಮುಗಿಯುವಷ್ಟರಲ್ಲಿ ವಸಂತಿಬಾಯಿಯ ಕಣ್ಣು ಕೆಳಗೆ ಬಿತ್ತು.

"ಅಗಬಾಯಿ! ನಾವಿನ್ನೂ ನೋಡೋ ಮೊದಲೇ ಇವರಿಗೆ ಕಂಡಿತು! ಸಾಷ್ಟಾಂಗ ಬಿದ್ದು ಲೋಟಾಂಗಣ ಹಾಕಿಬಿಟ್ಟರು!" ಎಂದು ಮರಾಠಿಯಲ್ಲಿ ಕಿರುಚಿದಳು. "ಧನ್ಯ ಆಹೇ, ಧನ್ಯ ಆಹೇ!"

ಜನ ಸುತ್ತಲೂ ಮುಕುರಿದರು. ಒಬ್ಬ ಮುದುಕಿ ಬಂದು ಮಲಕಪ್ಪನವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ರುದ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ನೆರೆದವರು ತಿಳಿದರು.

"ಹೌದ್ರಿ, ಭಾಳ ಭಕ್ತಿ ಅವರಿಗೆ," ಎಂದಳು, ಕೇಳಿದವರಿಗೆ. "ಮನ್ಯಾಗ ಸ್ಟೂಲ್ ಕಂಡ್ರೂ ಕೈ ಮುಗೀತಾರ."

ಮಲಕಪ್ಪನವರಿಗೆ ಇದ್ಯಾವುದೂ ಕಿವಿಗೆ ಬೀಳುತ್ತಿರಲಿಲ್ಲ. ಅವರ ತಲೆಯಲ್ಲಿದ್ದದ್ದು ಲಿಫ್ಟಿನ ಬಾಗಿಲು ಒಂದೇ. ಏಳುವುದಂತೂ ಆಗದ ಮಾತು. ಕೈ ಮುಂದೆ ಚಾಚಿದರು, ಮೈ ಎಳೆದುಕೊಂಡರು. ಮತ್ತೆ ಚಾಚಿದರು, ಮತ್ತೆ ಎಳೆದುಕೊಂಡರು.

"ದೀಡನಮಸ್ಕಾರ!" ಎಂದು ಹೊಳಬಸಪ್ಪನವರು ಉದ್ಗಾರ ತೆಗೆದರು. "ಬೀಗರು ದೀಡನಮಸ್ಕಾರ ಹಾಕಾಕತ್ತಾರ! ನಮ್ಮ ಕಡೆ ಗುಡೀ ಸುತ್ತ ಎದ್ದು ಎದ್ದು ಹಾಕ್ತಾರ. ಇವರು ಏಳೂದೇ ಇಲ್ಲ ನೋಡ್ರಿ! ಇದು ಅದಕ್ಕಿಂತ ಕಠಿಣ!"

"ಆದರೆ ಪಾಲಖಿ ಆ ಕಡೆ ಇದೆಯಲ್ಲ? ಇವರು ಲಿಫ್ಟಿನ ಕಡೆ ಹೊರಟಿದ್ದಾರೆ," ಎಂದ ಮಾರ್ತಾಂಡರಾವ್. ಮ್ಯಾನೇಜರನ ಕಣ್ಣು ಸೂಕ್ಷ್ಮ.

"ಭಾವ ಉಕ್ಕಿದಾಗ ದಿಕ್ಕು ಎಲ್ಲಿ ತಿಳಿಯುತ್ತದೆ!" ಎಂದು ವಸಂತಿಬಾಯಿ ಗದರಿದಳು. "ತಿರುಗಿಸಿ ಅವರನ್ನು, ಪುಣ್ಯ ಬರುತ್ತದೆ!"

ನಾಲ್ಕು ಜನ ಸೇರಿ ಮಲಕಪ್ಪನವರನ್ನು ಮಲಗಿದ್ದಂತೆಯೇ ಎತ್ತಿ, ಮೆಲ್ಲಗೆ ತಿರುಗಿಸಿ, ಗಾಜಿನ ಕಡೆಗೆ ಮುಖ ಮಾಡಿ ಇಟ್ಟರು. ಮಲಕಪ್ಪನವರು "ಅಯ್ಯಯ್ಯೋ ಶಿವನ!" ಎಂದು ಕೂಗಿದರು. ಶಿವ, ವಿಠ್ಠಲ ಇಬ್ಬರೂ ಒಂದೇ ಎಂಬುದನ್ನು ತೋರಿಸಿಕೊಟ್ಟರೆಂದು ಜನ ಮೆಚ್ಚಿ ತಲೆದೂಗಿದರು. "ಬಾಜೂಲಾ ವ್ಹಾ, ಬಾಜೂಲಾ ವ್ಹಾ!" ಎಂದು ಮಾರ್ತಾಂಡರಾವ್ ದಾರಿ ಬಿಡಿಸಿದ. ಯಾರೋ ಹೆಂಗಸು ಸಂಪ್ರದಾಯ ನೆನಪಾಗಿ ಅವರ ಮುಂದೆ ಕುಡಿಯುವ ನೀರಿನ ಬಾಟಲಿಯಿಂದ ನೀರು ಚಿಮುಕಿಸುತ್ತ ನಡೆದಳು. ಒದ್ದೆ ಫರಶಿಯ ಮೇಲೆ ಮಲಕಪ್ಪನವರು ತಮಗೆ ಬೇಡವೆಂದರೂ ಸಲೀಸಾಗಿ ಮುಂದೆ ಜಾರತೊಡಗಿದರು. ನೋಡನೋಡುತ್ತ ಅವರ ಹಿಂದೆ ಮೂರು ಜನ ಗಂಡಸರು ಬೋರಲು ಮಲಗಿದರು. ಅವರಲ್ಲೊಬ್ಬ ಪ್ಯಾಂಟಿನ ಮೇಲೆ ಬೆಲ್ಟು ಕಟ್ಟಿದ ಇಂಜಿನಿಯರ್.

ಮಾರ್ತಾಂಡರಾವನ ತಲೆ ಚುರುಕಾಯಿತು. ಕಟ್ಟಡ ಕಟ್ಟಿದ ಮೇಲೆ ಇಷ್ಟು ಜನ ಇಷ್ಟು ಸಂತೋಷದಿಂದ ಇದ್ದದ್ದನ್ನು ಅವನು ನೋಡಿರಲಿಲ್ಲ.

"ಹೊಳಬಸಪ್ಪಶೇಟ್," ಎಂದ. "ಇಂಥ ಪುಣ್ಯವಂತರ ಮಗಳ ಮದುವೆ ಬೇರೆ ಎಲ್ಲೋ ಹಾಲಿನಲ್ಲಿ ಯಾಕೆ? ಇಲ್ಲೇ ಆಗಲಿ! ಗ್ಯಾಲರಿಗೆ ಬಾಡಿಗೆ ಒಂದು ಪೈಸೆ ಬೇಡ. ಮಂಟಪ ಇಲ್ಲೇ, ಊಟದ ಪಂಕ್ತಿ ಇಲ್ಲೇ!"

"ಆತು! ಪಕ್ಕಾ!" ಎಂದರು ಹೊಳಬಸಪ್ಪನವರು ತೊಡೆ ತಟ್ಟಿ. "ಅಕ್ಕಿಕಾಳು ಇಲ್ಲೇ ಬೀಳಬೇಕು. ಕೆಳಗ ಹೋಗೂ ಮಂದಿ ತಲಿ ಮ್ಯಾಲೂ ನಾಕು ಬೀಳಲಿ!"

ಈ ಮಾತು ಮಾತ್ರ ಮಲಕಪ್ಪನವರ ಕಿವಿಗೆ ಚೆನ್ನಾಗಿ ಬಿತ್ತು. ಮದುವೆಯೆಂದರೆ ಹಿಂದಿನ ದಿನದಿಂದ ಶುರು. ಬಂದವರನ್ನು ನಿಂತು ಮಾತಾಡಿಸಬೇಕು, ಪಂಕ್ತಿಯ ಮಧ್ಯೆ ಓಡಾಡಬೇಕು, ಮಗಳನ್ನು ನಿಂತೇ ಧಾರೆ ಎರೆದು ಕೊಡಬೇಕು. ಅದೂ ಇಲ್ಲಿ!

"ಒಲ್ಲೆ!" ಎಂದು ನೆಲದಿಂದ ಒಂದು ಧ್ವನಿ ಎದ್ದಿತು.

ಹೊಳಬಸಪ್ಪನವರ ಮೂಗಿನ ತುದಿ ಮತ್ತೆ ಕೆಂಪಗಾಯಿತು.

"ಒಲ್ಲೆ ಅಂದ್ರ? ಏನ್ ಒಲ್ಲೆ ಬೀಗರ? ಸಂಬಂಧ ಒಲ್ಲೆ ಅಂತೀರೇನು? ನಮ್ಮ ಸೋದರತ್ತಿ ಹೇಳಿದ್ದು ಖರೇನ?"

ಮಲಕಪ್ಪನವರು ಕಷ್ಟಪಟ್ಟು ಕೆನ್ನೆ ಹೊರಳಿಸಿದರು. ಅವರಿಗೆ ಕಂಡದ್ದು ರೇಣುವಿನ ಮುಖ ಒಂದೇ. ಅದು ಬಿಳಿಚಿಕೊಂಡಿತ್ತು. ಅದನ್ನು ನೋಡಿದ ಮೇಲೆ ಮಲಕಪ್ಪನವರಿಗೆ ಮಾನ ಮರ್ಯಾದೆ ಎಲ್ಲವೂ ಚಿಲ್ಲರೆ ಸಾಮಾನಾಗಿ ಕಂಡವು.

"ಸಂಬಂಧ ಬೇಕ್ರಿ!" ಎಂದು ಒದರಿದರು. "ಹುಡುಗ ಬಂಗಾರದಂಥಾಂವ. ನಾ ಎತ್ತರ ಒಲ್ಲೆ! ಇದು ನಮಸ್ಕಾರ ಅಲ್ರಿ, ಕಾಲು ಹೋಗ್ಯಾವ! ಸಣ್ಣಾಂವ ಇದ್ದಾಗಿಂದ ನನಗ ಎತ್ತರ ಅಂದ್ರ ಜೀವ ಬಾಯಿಗೆ ಬರ್ತದ. ಪದ್ಧತಿನೂ ಸುಳ್ಳು, ಅಕಿ ಮೊಣಕಾಲೂ ಸುಳ್ಳು. ಗೋಲಗುಂಬಜದಾಗ ನಾ ಚಪ್ಪಲಿ ಕಾಯ್ಕೋತ ಕುಂತಿದ್ನಿ! ಯಾರರೆ ನನ್ನ ಕೆಳಗ ಇಳಸ್ರೀ, ನಿಮ್ಮ ಕಾಲಿಗೆ ಬೀಳ್ತೀನಿ!"

ಬೀಳಲು ಇನ್ನೇನೂ ಉಳಿದಿರಲಿಲ್ಲ. ಹೇಳಿ ಮುಗಿಸಿದ್ದೇ ತಡ, ಎದೆಯ ಮೇಲಿನ ಭಾರವೆಲ್ಲ ಇಳಿದು ಮಲಕಪ್ಪನವರಿಗೆ ಹಾಯೆನಿಸಿತು. ಇಪ್ಪತ್ತೊಂದನೇ ಮಹಡಿಯಲ್ಲಿ ಬೋರಲು ಬಿದ್ದಿದ್ದರೂ ಸರಿ, ಸುಳ್ಳು ಹೇಳಿಕೊಂಡು ನೆಲದಲ್ಲಿ ನಡೆಯುವುದಕ್ಕಿಂತ ಇದೇ ಸುಖ ಎನಿಸಿತು. ಹಿಂದಿನಿಂದ ಇಂಜಿನಿಯರ್ ತಲೆ ಎತ್ತಿ, ಹಾಗಾದರೆ ನಾವು ಈಗ ಏಳಬಹುದೇ ಎಂದು ಮರಾಠಿಯಲ್ಲಿ ವಿಚಾರಿಸಿದ.

ಹೊಳಬಸಪ್ಪನವರು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನ ಗೋಡೆಯ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸಿತು. ಅದು ಗಂಗೂಬಾಯಿಯವರದು. ಬಂದಾಗಿನಿಂದ ಅವರು ಗೋಡೆಗೆ ಅಂಟಿ, ಪೈಪು ಹಿಡಿದು, ಕಣ್ಣು ಮುಚ್ಚಿ ನಿಂತಿದ್ದರು. ಧ್ಯಾನದಲ್ಲಿದ್ದಾರೆಂದು ಯಾರೂ ಮಾತಾಡಿಸಿರಲಿಲ್ಲ.

"ಬೀಗರ!" ಎಂದರು, ಕಣ್ಣು ತೆರೆಯದೆಯೇ. "ಈ ಮಾತು ನೀವು ಮೊದಲನೇ ದಿನಾನ ಹೇಳಬಾರದಾಗಿತ್ತೇನ್ರಿ?"

"ತಪ್ಪಾತ್ರಿ ತಂಗಿ..."

"ಹೆಣ್ಣಿನ ಕಡೆಯವರು ಬಂದು ಎತ್ತರ ಆತು ಅಂತ ಒಂದು ಮಾತು ಅಂದ್ರ ಈ ಫ್ಲ್ಯಾಟಿನ ಕಾಟ ತಪ್ತಿತ್ತು ಅಂತ ನಾ ದಾರಿ ಕಾಯಾಕತ್ತೀನಿ! ಕರೆದಾಗೊಮ್ಮೆ ನೀವು ತಪ್ಪಿಸ್ಕೊಂಡ್ರಿ. ಸಿಟ್ಟು ಬರದ ಏನಾಗ್ತದ? ನನಗ ಮಾಳಗಿ ನಿಚ್ಚಣಕಿ ಹತ್ತಿದ್ರ ತಲಿ ತಿರಗ್ತದ. ಹದಿನಾಲ್ಕನೇ ಮಜಲೇದಾಗ ನಾ ಒಲಿ ಮುಂದ ನಿಂದರೂದ್ಹೆಂಗ?" ಎನ್ನುತ್ತ ಗೋಡೆ ಹಿಡಿದು ಜಾರಿ ನೆಲಕ್ಕೆ ಕೂತುಬಿಟ್ಟರು.

"ನೀ ನನಗ ಒಂದು ದಿನಾನೂ ಹೇಳಲಿಲ್ಲಲ್ಲ!" ಎಂದರು ಹೊಳಬಸಪ್ಪನವರು ಕಂಗಾಲಾಗಿ.

"ನೀವು ಕೇಳಿದ್ರೇನು? ಮುಂಗಡ ಕೊಟ್ಟು ಬಂದು ಪೇಢೆ ತಿನ್ನಿಸಿದ್ರಿ. ಬಾಯಾಗ ಪೇಢೆ ಇಟ್ಕೊಂಡು ಏನ್ ಹೇಳ್ಲಿ?"

ಹೊಳಬಸಪ್ಪನವರು ಒಮ್ಮೆ ಹೆಂಡತಿಯನ್ನು, ಒಮ್ಮೆ ಬೀಗರನ್ನು ನೋಡಿದರು. ಇಬ್ಬರೂ ನೆಲದಲ್ಲಿ. ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ಹೆಗಲು, ಆಮೇಲೆ ಗ್ಯಾಲರಿ ತುಂಬ ನಗೆ. ವಸಂತಿಬಾಯಿ ಮಾತ್ರ ಒಪ್ಪಲಿಲ್ಲ. ದೊಡ್ಡ ಭಕ್ತರು ತಮ್ಮ ಭಕ್ತಿಯನ್ನು ಹೀಗೇ ಮುಚ್ಚಿಡುತ್ತಾರೆ ಎಂದು ಮುದುಕಿಗೆ ತಿಳಿಸಿ ಹೇಳುತ್ತಿದ್ದಳು.

ಮಾರ್ತಾಂಡರಾವ್ ನಿಟ್ಟುಸಿರು ಬಿಟ್ಟು ಸಾಮಾನು ಸಾಗಿಸುವ ಲಿಫ್ಟು ತರಿಸಿದ. ನಾಲ್ಕೂ ಕಡೆ ತಗಡು, ಹೊರಗಿನದು ಏನೂ ಕಾಣುವುದಿಲ್ಲ. ಒಳಗೆ ಸಿಮೆಂಟಿನ ಚೀಲ. ಮಲಕಪ್ಪನವರೂ ಗಂಗೂಬಾಯಿಯವರೂ ಒಂದೊಂದು ಚೀಲದ ಮೇಲೆ ಕೂತು, ಕೆಳಗೆ ಬರುವವರೆಗೆ ತಮತಮಗೆ ಎಲ್ಲೆಲ್ಲಿ ತಲೆ ತಿರುಗಿತ್ತೆಂದು ಬಾಲ್ಯದಿಂದ ಹೇಳಿಕೊಳ್ಳುತ್ತ ಬಂದರು. ಇಷ್ಟು ಸಲಿಗೆಯ ಬೀಗತನ ಯಾವ ಮದುವೆಯಲ್ಲೂ ಇಷ್ಟು ಬೇಗ ಬೆಳೆದದ್ದಿಲ್ಲ.

ಕೆಳಗೆ ವಾಹನ ನಿಲ್ಲಿಸುವ ಜಾಗದಲ್ಲಿ ಚಾಪೆ ಹಾಸಿದರು. ಮಲಕಪ್ಪನವರು ಚಾಪೆ ಬಿಟ್ಟು ಬರೀ ನೆಲದ ಮೇಲೆ ಕೂತರು. ರುದ್ರವ್ವ ಅವರ ಅಂಗಿಯ ಮಣ್ಣು ಝಾಡಿಸಿ, "ಹೇಳಿದ ಮ್ಯಾಲೆ ಮೂಗು ಅದನೋ ಹೋತೋ ನೋಡ್ಕೋರಿ" ಎಂದಳು. ಸಕ್ಕರೆ ಹಂಚಿದರು. ಮಾತು ಪಕ್ಕಾ ಆಯಿತು. ಮದುವೆ ನೆಲದ ಮೇಲಿನ ಹಾಲಿನಲ್ಲಿ. ಮೆಟ್ಟಿಲು ಸಹ ಇರಕೂಡದೆಂದು ಗಂಗೂಬಾಯಿಯವರೇ ಕರಾರು ಹಾಕಿದರು.

"ಮತ್ತ ಆ ಹದಿನಾಲ್ಕನೇ ಮಜಲೇದ್ದು?" ಎಂದು ಹೊಳಬಸಪ್ಪನವರು ಸಣ್ಣ ದನಿಯಲ್ಲಿ ಕೇಳಿದರು.

"ಹುಡುಗ್ರು ಇರಲಿ ಅಲ್ಲೆ. ನಾವು ಈಗಿನ ಮನ್ಯಾಗ ಇರೂಣು," ಎಂದರು ಗಂಗೂಬಾಯಿ.

ಮಲಕಪ್ಪನವರಿಗೆ ಒಮ್ಮೆಲೇ ದುಃಖವಾಯಿತು. "ಹಂಗಾರ ನಿನ್ನ ಮನಿಗೆ ನಾ ಎಂದಿಗೂ ಬರೂದಾಗಂಗಿಲ್ಲಲ್ಲವಾ ರೇಣು?"

"ಅಪ್ಪಾ," ಎಂದಳು ರೇಣು. ನಗುತ್ತಲೇ ಇದ್ದಳು, ಕಣ್ಣು ಮಾತ್ರ ತುಂಬಿತ್ತು. "ನನ್ನ ಸಲುವಾಗಿ ನೀ ಆ ತುದೀತನಕಾ ಬಂದ್ಯಲ್ಲ, ಇನ್ನೇನ್ ಬೇಕು? ಇನ್ನ ನೀ ಕೆಳಗ ನಿಂತು ಒಂದು ಕೂಗು ಹಾಕು. ನಾ ಓಡಿ ಬರ್ತೀನಿ."

ಕೇದಾರನೂ ಮುಖ ಸಣ್ಣದು ಮಾಡಿಕೊಂಡ. ಎಷ್ಟು ಪ್ರಯತ್ನಪಟ್ಟರೂ ಅದು ಸಣ್ಣದಾಗಲೊಲ್ಲದು. "ಹಿರ್ಯಾರಿಲ್ಲದ ಮನಿ ಬಿಕೋ ಅಂತದ್ರಿ ಮಾವಾರ," ಎಂದ, ಬಾಯಿಗೆ ಸಕ್ಕರೆ ಹಾಕಿಕೊಳ್ಳುತ್ತ. "ಏನ್ ಮಾಡೂದು, ಅಲ್ಲಿ ನಾವಿಬ್ಬರ ಹೆಂಗೋ ಹೊಂದಿಕೊಂಡು ಹೋಗ್ತೀವಿ."

"ಯಾಕ ಬಿಕೋ ಅಂತದಪಾ?" ಎಂದಳು ರುದ್ರವ್ವ. "ನನಗೇನ್ ಅಂಜಿಕಿ? ನಾ ಬಂದು ತಿಂಗಳುಗಟ್ಟಲೆ ಇರ್ತೀನಿ ತಗೋ."

ಕೇದಾರನ ಬಾಯಲ್ಲಿದ್ದ ಸಕ್ಕರೆ ಗಂಟಲಿಗೆ ಸಿಕ್ಕಿತು. ನೀರು ತರಲು ಎಲ್ಲರೂ ಎದ್ದು ಓಡಿದರು. ಮಲಕಪ್ಪನವರೊಬ್ಬರು ಮಾತ್ರ ನೆಲ ಬಿಟ್ಟು ಏಳಲಿಲ್ಲ.